ಹೊಲಿಗೆ ಬಿಚ್ಚಿದ ಮೇಲೆ ಕೈಯ ಗತಿ ಏನು?

ರಾಯಚೂರು ಜಿಲ್ಲೆಯ ದುಡಿಮೆಯ ಬಹುಪಾಲು ಇವತ್ತಿಗೂ ಬೆರಳ ತುದಿಯಲ್ಲಿದೆ. ಬಿರಿದ ಕಾಯಿಂದ ಹತ್ತಿ ಬಿಡಿಸಬೇಕಾದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಒಂದು ಕಡೆ ಕೂಡಬೇಕು. ಒಣಗಿದ ಸಿಪ್ಪೆಯ ಚೂಪು ತಾಗದಂತೆ ಒಳಹೋಗಿ ಹೊರಬರಬೇಕು. ಮಾನ್ವಿ ಕಡೆಯ ಕಾಲುವೆ ನೀರಿನ ಗದ್ದೆಗಳಲ್ಲಿ ನೆಲ್ಲಿನ ಸಸಿ ಹಚ್ಚುವವರು ಒಂದು ಕೈಯಲ್ಲಿ ಕಟ್ಟು ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಬೇರನ್ನು ಕೆಸರಿಗೆ ಒತ್ತುತ್ತಾರೆ, ದಿನವಿಡೀ. ದೇವದುರ್ಗದಿಂದ ಬೆಂಗಳೂರಿಗೋ ಪುಣೆಗೋ ಗುಳೆ ಹೋದವರು ಕಟ್ಟಡ ಕೆಲಸದಲ್ಲಿ ಕಬ್ಬಿಣ ಬಾಗಿಸುತ್ತಾರೆ, ಬುಟ್ಟಿ ಎತ್ತುತ್ತಾರೆ. ಮನೆಗೆ ಬಂದರೆ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಬೇಕು. ಅಂಗೈ ಪೂರ್ತಿ ತೆರೆಯದ ಕೈಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಇಂಥ ಕಡೆ ಕೈಗೆ ಬಿದ್ದ ಪೆಟ್ಟು ಒಂದು ಸಂಸಾರದ ಕೂಲಿಯನ್ನೇ ಕತ್ತರಿಸುತ್ತದೆ. ಆದರೂ ನಮ್ಮ ಆರೋಗ್ಯ ವ್ಯವಸ್ಥೆ ಗಾಯ ಮಾಗಿ ಹೊಲಿಗೆ ಬಿಚ್ಚಿದ ದಿನವೇ ತನ್ನ ಕೆಲಸ ಮುಗಿಯಿತೆಂದು ತಿಳಿಯುತ್ತದೆ. ಈ ತಿಳಿವಳಿಕೆ ತಪ್ಪು. ಕೈಯ ವಿಷಯದಲ್ಲಿ ಶಸ್ತ್ರಚಿಕಿತ್ಸೆ ಅರ್ಧ ಕೆಲಸ. ಉಳಿದರ್ಧ ಆನಂತರದ ವಾರಗಳಲ್ಲಿ, ತಿಳಿದವರ ಕಣ್ಣೆದುರು, ಬೆರಳನ್ನು ಇಷ್ಟಿಷ್ಟೇ ಆಡಿಸುವುದರಲ್ಲಿದೆ. ಆ ಅರ್ಧ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಸಿಗುವಂತಿದ್ದರೆ ಮಾನ್ವಿ, ದೇವದುರ್ಗದ ಹಳ್ಳಿಯವರ ಪಾಲಿಗೆ ಅದು ಇಲ್ಲವೇ ಇಲ್ಲ. ಕೈಯ ಪುನಶ್ಚೇತನ ಚಿಕಿತ್ಸೆ ತಾಲ್ಲೂಕಿಗೆ ಇಳಿಯಬೇಕು ಎನ್ನುವುದು ಈ ಲೇಖನದ ವಾದ.

ಆಡಿಸುವುದಕ್ಕೆ ಇಷ್ಟು ಮಹತ್ವ ಏಕೆಂದು ತಿಳಿಯಲು ಕೈಯೊಳಗೆ ಇಣುಕಬೇಕು. ಒಂದು ಕೈಯಲ್ಲಿ 27 ಎಲುಬುಗಳಿವೆ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮಾತ್ರ ಮುಂಗೈಯಲ್ಲಿ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ, ಅಂಗೈ ದಾಟಿ, ಬೆರಳುಗಳ ಒಳಗಿನ ಕಿರಿದಾದ ಕೊಳವೆಗಳಲ್ಲಿ ಸಾಗಿ ತುದಿ ಮುಟ್ಟುತ್ತವೆ. ಲಂಗದ ಲಾಡಿ ಅದರ ಮಡಿಕೆಯೊಳಗೆ ಸರಿದಾಡುವ ಹಾಗೆ ರಜ್ಜು ಆ ಕೊಳವೆಯೊಳಗೆ ಸರಿದಾಡಬೇಕು; ಸರಿದಾಡಿದಷ್ಟೇ ಬೆರಳು ಮಡಚುತ್ತದೆ. ಕುಡುಗೋಲು ತಾಗಿಯೋ ರಾಶಿ ಮಷೀನಿಗೆ ಸಿಕ್ಕೋ ರಜ್ಜು ತುಂಡಾದರೆ ಶಸ್ತ್ರವೈದ್ಯರು ಎರಡು ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ. ತೊಡಕು ಇಲ್ಲಿಂದಲೇ ಶುರು. ಗಾಯ ಮಾಯುವುದೆಂದರೆ ಹೊಸ ಅಂಗಾಂಶ ಬೆಳೆದು ಅಂಟಿಕೊಳ್ಳುವುದು. ರಜ್ಜುವಿನ ತುದಿಗಳು ಒಂದಕ್ಕೊಂದು ಅಂಟಬೇಕು, ಸುತ್ತಲಿನ ಕೊಳವೆಗೆ ಅಂಟಬಾರದು. ದೇಹಕ್ಕೆ ಈ ಭೇದ ಗೊತ್ತಿಲ್ಲ, ಅದು ಎರಡಕ್ಕೂ ಅಂಟಿಸುತ್ತದೆ. ಅಲುಗಿಸದೆ ಬಿಟ್ಟರೆ ರಜ್ಜು ಕೊಳವೆಗೆ ಹಿಡಿದುಕೊಂಡು ಬೆರಳು ಕಡ್ಡಿಯಾಗುತ್ತದೆ. ಬೇಗನೆ ಬಲ ಹಾಕಿ ಎಳೆದರೆ ಹೊಲಿಗೆಯೇ ಹರಿಯುತ್ತದೆ. ಈ ಇಕ್ಕಟ್ಟಿನಿಂದಾಗಿಯೇ ಬೆರಳ ಬುಡದ ಕೊಳವೆಯ ಭಾಗದಲ್ಲಿ ಕತ್ತರಿಸಿದ ರಜ್ಜುವನ್ನು ಹೊಲಿಯಲು ಶಸ್ತ್ರವೈದ್ಯರು ದಶಕಗಳ ಕಾಲ ಹಿಂಜರಿದರು. ಕೈ ಶಸ್ತ್ರಚಿಕಿತ್ಸೆಯ ಹಿರಿಯ ಸ್ಟರ್ಲಿಂಗ್ ಬನ್ನೆಲ್ ಅದನ್ನು ಯಾರೂ ಕಾಲಿಡಬಾರದ ನೆಲವೆಂದೇ ಕರೆದಿದ್ದರು. 1960ರ ದಶಕದಲ್ಲಿ ಅಮೆರಿಕದ ಲೂಯಿವಿಲ್‌ನ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಜೊತೆಗಾರರು ಆ ನೆಲಕ್ಕೆ ಕಾಲಿಟ್ಟರು. ಅವರ ಗೆಲುವಿನಲ್ಲಿ ಸೂಜಿ ದಾರದ ನೈಪುಣ್ಯದಷ್ಟೇ ಪಾಲು ಒಂದು ರಬ್ಬರ್ ಬ್ಯಾಂಡಿನದು. ಉಗುರಿಗೆ ಕಟ್ಟಿದ ಬ್ಯಾಂಡು ಬೆರಳನ್ನು ತಾನೇ ಮಡಚಿ ಹಿಡಿಯುತ್ತದೆ. ರೋಗಿ ಅದರ ಎದುರು ಬೆರಳನ್ನು ಮೆಲ್ಲಗೆ ಬಿಚ್ಚುತ್ತಾನೆ, ಬ್ಯಾಂಡು ಮತ್ತೆ ಮಡಚುತ್ತದೆ. ಹೊಲಿಗೆಯ ಮೇಲೆ ಭಾರ ಬೀಳದೆಯೇ ರಜ್ಜು ಸರಿದಾಡುತ್ತದೆ. ಆಮೇಲೆ ವಿಧಾನಗಳು ಹಲವು ಬಂದವು. ಶಸ್ತ್ರಚಿಕಿತ್ಸೆಯಾದ ಮೊದಲ ವಾರದಲ್ಲೇ ನಿಯಂತ್ರಿತ ಚಲನೆ ಆರಂಭಿಸಬೇಕು, ಕೈಯನ್ನು ಸರಿಯಾದ ಭಂಗಿಯಲ್ಲಿಡುವ ಆಸರೆಯಾದ ಸ್ಪ್ಲಿಂಟನ್ನು ನಾಲ್ಕರಿಂದ ಆರು ವಾರ ಬಿಡದೆ ಧರಿಸಬೇಕು, ಭಾರದ ಕೆಲಸಕ್ಕೆ ಸುಮಾರು ಹನ್ನೆರಡು ವಾರ ಕಾಯಬೇಕು ಎಂಬ ಹಂದರ ಮಾತ್ರ ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು.

ಈ ಲೆಕ್ಕವನ್ನು ರಾಯಚೂರಿನ ಬಸ್ ನಿಲ್ದಾಣದಲ್ಲಿ ನಿಂತು ಓದಬೇಕು. ಮಾನ್ವಿ, ದೇವದುರ್ಗ ಎರಡೂ ಜಿಲ್ಲಾ ಕೇಂದ್ರದಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಬೇರೆ. ಹೊಲಿಗೆ ಹಾಕಿಸಿಕೊಳ್ಳಲು ಒಂದು ದಿನ ರಾಯಚೂರಿಗೆ ಹೋಗಿಬರುವುದು ಯಾರಿಗಾದರೂ ಸಾಧ್ಯ, ಅಂಥ ಹೊತ್ತಿನಲ್ಲಿ ಸಾಲ ಮಾಡಿಯಾದರೂ ಹೋಗುತ್ತಾರೆ. ಆದರೆ ಮುಂದಿನ ಮೂರು ತಿಂಗಳು ವಾರಕ್ಕೆರಡು ಬಾರಿ, ಜೊತೆಗೊಬ್ಬರನ್ನು ಕರೆದುಕೊಂಡು, ಇಬ್ಬರ ಕೂಲಿ ಬಿಟ್ಟು ಹೋಗುವುದು ಆಗದ ಮಾತು. ಗುಳೆ ಹೋದಲ್ಲಿ ಕೈ ಜಜ್ಜಿಕೊಂಡವರ ಪಾಡು ಇನ್ನೂ ಕಷ್ಟ. ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗುತ್ತದೆ, ದುಡಿಯಲಾಗದವರಿಗೆ ಅಲ್ಲಿ ನೆಲೆಯಿಲ್ಲ, ಪಟ್ಟಿ ಸಮೇತ ಊರಿಗೆ ಮರಳುತ್ತಾರೆ. ಯಾವಾಗ ಪಟ್ಟಿ ತೆಗೆಯಬೇಕು, ಯಾವ ಬೆರಳನ್ನು ಎಷ್ಟು ಆಡಿಸಬೇಕು ಎಂದು ಬರೆದ ಚೀಟಿ ಇದ್ದರೂ ಅದು ಇಂಗ್ಲಿಷಿನಲ್ಲಿರುತ್ತದೆ, ಓದಿ ಹೇಳುವವರು ಊರಲ್ಲಿರುವುದಿಲ್ಲ. ನೋವಾಗುತ್ತದೆಂದು ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ತಿಂಗಳುಗಟ್ಟಲೆ ಕೂರುತ್ತಾರೆ. ಬೆರಳು ಬಿಗಿಯುತ್ತದೆ, ಅದರ ಹಿಂದೆಯೇ ಮೊಣಕೈ, ಆಮೇಲೆ ಪೆಟ್ಟೇ ಬೀಳದ ಭುಜವೂ ಹಿಡಿದುಕೊಳ್ಳುತ್ತದೆ. ಶಸ್ತ್ರವೈದ್ಯರ ಕೆಲಸದಲ್ಲಿ ಏನೂ ಕೊರತೆಯಿಲ್ಲದೆಯೂ ಕೈ ಹೋಗುವುದು ಹೀಗೆ.

ನರ ಕತ್ತರಿಸಿದವರ ಕಾಲಮಾನವಂತೂ ಬೇರೆಯೇ. ಹೊಲಿದ ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಣಿಕಟ್ಟಿನಲ್ಲಿ ತುಂಡಾದ ನರ ಬೆರಳ ತುದಿಗೆ ಮುಟ್ಟಲು ಆರು ತಿಂಗಳಾದರೂ ಬೇಕು. ಮೊಣಕೈ ಹತ್ತಿರ ತುಂಡಾದರೆ ವರ್ಷಕ್ಕೂ ಮಿಕ್ಕಿದ ಮಾತು. ಅಷ್ಟು ದಿನವೂ ಕೀಲುಗಳನ್ನು ಮೆತ್ತಗೆ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ನರ ಬಂದು ಮುಟ್ಟುವ ಹೊತ್ತಿಗೆ ಆಡಿಸಲು ಕೀಲೇ ಉಳಿದಿರುವುದಿಲ್ಲ. ಸ್ಪರ್ಶವಿಲ್ಲದ ಆ ಬೆರಳಿಗೆ ಹೆಂಚಿನ ಕಾವು ತಿಳಿಯುವುದಿಲ್ಲ. ಸುಟ್ಟುಕೊಳ್ಳದಂತೆ ಕಣ್ಣಿಂದ ನೋಡಿ ಕೆಲಸ ಮಾಡುವುದನ್ನೂ ಕಲಿಸಬೇಕು. ಸ್ಪ್ಲಿಂಟುಗಳು ಇಲ್ಲಿಯೂ ಮುಖ್ಯ. ಪಟ್ಟಣಗಳಲ್ಲಿ ಬಳಸುವ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆದುವಾಗಿಸಿ ಕೈಯ ಆಕಾರಕ್ಕೆ ಒತ್ತುತ್ತಾರೆ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಅದನ್ನು ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ ಬಿಟ್ಟರೆ ಆಕಾರ ಕೆಡಬಹುದು, ಬೆವರಿಗೆ ಚರ್ಮವೂ ಕೆರಳುತ್ತದೆ. ಊರಿನ ಹವೆಗೂ ಕೆಲಸಕ್ಕೂ ಒಗ್ಗುವ ಸ್ಪ್ಲಿಂಟನ್ನು ಊರಿನ ಹತ್ತಿರವೇ ಇರುವವರು ಮಾಡಿ, ಸಡಿಲವಾದಾಗ ಮತ್ತೆ ಸರಿಪಡಿಸಿಕೊಡಬೇಕು.

ಕೈ ಸೋಲಲು ಪೆಟ್ಟಿನ ಜೊತೆಗಿರುವ ಇನ್ನೊಂದು ದೊಡ್ಡ ಕಾರಣ ಲಕ್ವಾ. ಪಾರ್ಶ್ವವಾಯು ಬಡಿದವರಲ್ಲಿ ಕಾಲು ಒಂದು ಮಟ್ಟಕ್ಕೆ ಸುಧಾರಿಸಿ ನಡೆಯುವಂತಾದರೂ ಕೈ ಹಿಂದೆ ಬೀಳುವುದು ಸಾಮಾನ್ಯ. ನಡೆಯಲು ಬಂದರೆ ಸಾಕೆಂದು ಮನೆಯವರೂ ವೈದ್ಯರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಕೆಲಸವೆಲ್ಲ ಒಳ್ಳೆಯ ಕೈಗೆ ದಾಟುತ್ತದೆ, ಬಲ ಕಳೆದ ಕೈ ಬಳಕೆಯಿಲ್ಲದೆ ಇನ್ನಷ್ಟು ಸೋಲುತ್ತದೆ. ಈ ಸೋಲನ್ನು ತಿರುಗಿಸಬಹುದೆಂದು ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಎಕ್ಸೈಟ್ ಅಧ್ಯಯನ ತೋರಿಸಿತು. ಪಾರ್ಶ್ವವಾಯು ಬಡಿದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರು ಅದರಲ್ಲಿದ್ದರು. ಚಿಕಿತ್ಸೆ ಪಡೆದ ಗುಂಪಿನವರು ಎರಡು ವಾರ ಒಳ್ಳೆಯ ಕೈಗೆ ಗವುಸು ತೊಟ್ಟು, ಸೋತ ಕೈಯಿಂದಲೇ ದಿನಕ್ಕೆ ಹಲವು ತಾಸು ಕೆಲಸ ಅಭ್ಯಾಸ ಮಾಡಿದರು. ಅವರ ಕೈ ಉಳಿದವರ ಕೈಗಿಂತ ಸ್ಪಷ್ಟವಾಗಿ ಸುಧಾರಿಸಿತು, ವರ್ಷದ ಬಳಿಕವೂ ಆ ಲಾಭ ಉಳಿದಿತ್ತು. ಮಣಿಕಟ್ಟು, ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೆ ಮಾತ್ರ ಈ ವಿಧಾನ ಹೊಂದುತ್ತದೆ, ಎಲ್ಲರಿಗೂ ಅಲ್ಲ. ಆದರೂ ಅದು ತೋರಿಸಿದ ಸಂಗತಿ ದೊಡ್ಡದು: ಮಿದುಳು ಕಲಿಯುವುದು ನಿಜವಾದ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ. ಹಾಗಿದ್ದ ಮೇಲೆ ದೇವದುರ್ಗದ ಹೆಣ್ಣುಮಗಳಿಗೆ ಪ್ಲಾಸ್ಟಿಕ್ ಗೂಟಗಳನ್ನು ತೂತಿಗೆ ಸಿಕ್ಕಿಸುವ ಆಟಿಕೆ ಯಾಕೆ? ಹಿಟ್ಟು ನಾದಲಿ, ಶೇಂಗಾ ಸುಲಿಯಲಿ, ಮೆಣಸಿನಕಾಯಿ ತೊಟ್ಟು ಮುರಿಯಲಿ (ಸ್ಪರ್ಶ ಉಳಿದವರು, ಚರ್ಮಕ್ಕೆ ಉರಿ ತಾಗದಂತೆ ನೋಡಿಕೊಂಡು). ಇವೆಲ್ಲ ಹಿಡಿತ, ಚಿವುಟು, ಬಿಚ್ಚುವಿಕೆ ಮೂರನ್ನೂ ಕಲಿಸುವ ವ್ಯಾಯಾಮಗಳು, ಯಾವುದನ್ನೂ ದುಡ್ಡು ಕೊಟ್ಟು ತರಿಸಬೇಕಾಗಿಲ್ಲ. ಯಾವ ಕೆಲಸ, ಎಷ್ಟು, ಯಾವ ಭಂಗಿಯಲ್ಲಿ ಎಂದು ಹೇಳಿಕೊಡುವವರು ಬೇಕು, ಅಷ್ಟೆ. ಹಾಗೆಯೇ ಲಕ್ವಾ ಹೊಡೆದವರನ್ನು ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬಾರದು, ಸಡಿಲವಾದ ಭುಜದ ಕೀಲಿಗೆ ಅದರಿಂದ ಪೆಟ್ಟಾಗುತ್ತದೆ. ಈ ಒಂದು ಮಾತು ಹಳ್ಳಿಹಳ್ಳಿಗೆ ತಲುಪಿದರೂ ಎಷ್ಟೋ ನೋವು ತಪ್ಪುತ್ತದೆ.

ಇದಕ್ಕೆಲ್ಲ ಮೊದಲ ಆಕ್ಷೇಪ ಬರುವುದು ಆದ್ಯತೆಯ ಹೆಸರಿನಲ್ಲಿ. ಬಾಣಂತಿಯರ ರಕ್ತಹೀನತೆ, ಮಕ್ಕಳ ಅಪೌಷ್ಟಿಕತೆ ಇನ್ನೂ ನೀಗದ ಜಿಲ್ಲೆಯಲ್ಲಿ ಬೆರಳ ವ್ಯಾಯಾಮದ ಮಾತೇ ಎಂದು ಕೇಳುವವರಿದ್ದಾರೆ. 2018ರಲ್ಲಿ ನೀತಿ ಆಯೋಗ ಆರಂಭಿಸಿದ ಆಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಅಲ್ಲಿ ಆರೋಗ್ಯವನ್ನು ಮುಖ್ಯವಾಗಿ ಅಳೆಯುವುದು ಹೆರಿಗೆ, ಲಸಿಕೆ, ಪೌಷ್ಟಿಕತೆ, ಕ್ಷಯದ ಲೆಕ್ಕದಲ್ಲಿ. ಆ ಲೆಕ್ಕ ಸರಿಯೇ, ಅದನ್ನು ಯಾರೂ ಕಡೆಗಣಿಸಬಾರದು. ಆದರೆ ತಾಯಿಯ ಕೈ ಮುರುಟಿದರೆ, ತಂದೆಯ ಕೂಲಿ ನಿಂತರೆ, ಅದೇ ಮನೆಯ ಮಗುವಿನ ತಟ್ಟೆ ಬರಿದಾಗುತ್ತದೆ. ಎರಡನ್ನು ಒಂದಕ್ಕೊಂದು ಎದುರು ನಿಲ್ಲಿಸುವುದು ನ್ಯಾಯವಲ್ಲ. ಪುನಶ್ಚೇತನದಿಂದ ಉಪಯೋಗ ಪಡೆಯಬಲ್ಲವರು ಜಗತ್ತಿನಲ್ಲಿ ಸುಮಾರು 240 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಶ್ರೀಮಂತ ದೇಶಗಳ ಐಷಾರಾಮವೆಂದು ತಳ್ಳಿಹಾಕಲು ಬರುವುದಿಲ್ಲ. ಇದೇ ಆಕ್ಷೇಪದ ಇನ್ನೊಂದು ರೂಪ, ಮೊದಲು ಏಮ್ಸ್ ಬರಲಿ ಎನ್ನುವುದು. 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಶುರುವಾದ, ಏಮ್ಸ್ ಆಸ್ಪತ್ರೆ ಬೇಕೆಂಬ ಧರಣಿ ಸಾವಿರ ದಿನಗಳನ್ನೂ ದಾಟಿತು. ಆ ಬೇಡಿಕೆ ನ್ಯಾಯವಾದದ್ದು. ಕಲ್ಯಾಣ ಕರ್ನಾಟಕಕ್ಕೆ ಅಂಥ ಆಸ್ಪತ್ರೆ ಸಿಗಲೇಬೇಕು. ಆದರೆ ನಾಳೆಯೇ ಏಮ್ಸ್ ಬಂದರೂ ಅದು ಹೊಲಿದ ಕೈಯನ್ನು ಹನ್ನೆರಡು ವಾರ ಆಡಿಸುವ ಕೆಲಸ ಹಳ್ಳಿಯಲ್ಲೇ ಆಗಬೇಕು. ದೊಡ್ಡ ಆಸ್ಪತ್ರೆ ಬಂದಷ್ಟೂ ತಾಲ್ಲೂಕಿನ ಚಿಕಿತ್ಸಕರ ಅಗತ್ಯ ಹೆಚ್ಚುತ್ತದೆ.

ಖರ್ಚಿನ ಮಾತು ಹೆಚ್ಚು ಹೊತ್ತು ಬೇಕಿಲ್ಲ. ಪ್ಲಾಸ್ಟರ್, ರಬ್ಬರ್ ಬ್ಯಾಂಡ್, ಸ್ಪಂಜು, ಮೇಣ, ಬಕೆಟ್ ನೀರು, ಒಂದು ಕೋನಮಾಪಕ, ಇವುಗಳಿಂದ ಶುರು ಮಾಡಬಹುದಾದ ಚಿಕಿತ್ಸೆ ಇದು. ನಷ್ಟದ ಲೆಕ್ಕವೇ ದೊಡ್ಡದು. ಕಾರ್ಮಿಕರ ಪರಿಹಾರ ಕುರಿತ 1923ರ ಕಾಯ್ದೆಯಿಂದ ಬಂದ ಅನುಸೂಚಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯ ಶೇ 30ರಷ್ಟು, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50ರಷ್ಟು ಕಡಿಮೆಯಾಯಿತೆಂದು ಲೆಕ್ಕ ಹಾಕುತ್ತದೆ. ಅಂಗದ ಉಪಯೋಗ ಪೂರ್ತಿ ಮತ್ತು ಶಾಶ್ವತವಾಗಿ ಹೋದರೂ ಅದು ಅಂಗ ಹೋದದ್ದಕ್ಕೆ ಸಮ. ಆದರೆ ಬೆರಳು ಇದ್ದೂ ಅರೆಬರೆ ಬಿಗಿದರೆ ಅನುಸೂಚಿಯ ನೇರ ಆಸರೆ ಇಲ್ಲ, ನಷ್ಟ ಎಷ್ಟೆಂದು ವೈದ್ಯರಿಂದ ಬರೆಸಿಕೊಂಡು ವಾದಿಸಬೇಕು. ಒಕ್ಕುವ ಯಂತ್ರಗಳು ರೈತರ ಕೈ ಕತ್ತರಿಸುತ್ತಿದ್ದುದನ್ನು ಕಂಡು ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ತಂದಿತು. ಅಂದರೆ ಕೈ ಕಳೆದದ್ದಕ್ಕೆ ಬೆಲೆ ಕಟ್ಟುವ ಕಾನೂನುಗಳು ನಮ್ಮಲ್ಲಿ ಹಳೆಯವು. ಉಳಿದ ಕೈಯನ್ನು ದುಡಿಮೆಗೆ ಮರಳಿಸುವ ಏರ್ಪಾಟು ಮಾತ್ರ ಅದರ ಜೊತೆ ಬೆಳೆಯಲಿಲ್ಲ.

ತಜ್ಞರು ತಾಲ್ಲೂಕಿಗೆ ಬರುವುದಿಲ್ಲ ಎನ್ನುವ ಆಕ್ಷೇಪ ಗಟ್ಟಿಯಾದದ್ದು. ಕೈಯ ಚಿಕಿತ್ಸೆಯನ್ನೇ ಆಳವಾಗಿ ಕಲಿತವರು ದೇಶದಲ್ಲೇ ಕಡಿಮೆ. ದಿನನಿತ್ಯದ ಕೆಲಸ ಮಾಡಿಸುತ್ತಲೇ ಚೇತರಿಸುವ ಔದ್ಯೋಗಿಕ ಚಿಕಿತ್ಸೆಯ (ಆಕ್ಯುಪೇಷನಲ್ ಥೆರಪಿ) ದೇಶದ ಮೊದಲ ಶಾಲೆಯನ್ನು ಕಮಲಾ ನಿಂಬಕರ್ ಮುಂಬೈಯಲ್ಲಿ 1950ರಲ್ಲೇ ತೆರೆದರೂ ಆ ವಿದ್ಯೆ ಇಂದಿಗೂ ದೊಡ್ಡ ಊರುಗಳಲ್ಲೇ ಉಳಿದಿದೆ. ಆದರೆ ಈ ಆಕ್ಷೇಪಕ್ಕೆ ಉತ್ತರ ನಮ್ಮ ನೆರೆಯಲ್ಲೇ ದಶಕಗಳ ಹಿಂದೆಯೇ ಸಿಕ್ಕಿತ್ತು. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಬೆರಳು ಮುರುಟಿದವರಿಗೆ ಸ್ನಾಯುರಜ್ಜು ವರ್ಗಾವಣೆಯ ಶಸ್ತ್ರಚಿಕಿತ್ಸೆ ಆರಂಭಿಸಿದರು. ಬೇರೊಂದು ಕೆಲಸದಲ್ಲಿದ್ದ ರಜ್ಜುವನ್ನು ತಂದು ಬೆರಳಿಗೆ ಜೋಡಿಸಿದಾಗ ರೋಗಿಯ ಮಿದುಳು ಅದರ ಹೊಸ ಕೆಲಸವನ್ನು ಕಲಿಯಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಬಿಗಿದ ಕೀಲುಗಳನ್ನು ಪ್ಲಾಸ್ಟರ್ ಪಟ್ಟಿಯಿಂದ ಮತ್ತೆ ಮತ್ತೆ ಸ್ವಲ್ಪಸ್ವಲ್ಪವೇ ಬಿಚ್ಚಬೇಕು. ಇಷ್ಟು ಕೆಲಸವನ್ನು ಪದವೀಧರರಿಂದಲೇ ಮಾಡಿಸುವಂತಿದ್ದರೆ ಅದು ನಡೆಯುತ್ತಲೇ ಇರಲಿಲ್ಲ. ವೆಲ್ಲೂರು ಮತ್ತು ಅದರ ಹತ್ತಿರದ ಕರಿಗಿರಿಯ ಕುಷ್ಠರೋಗ ಕೇಂದ್ರಗಳು ಅಲ್ಲಿಯ ಯುವಕರಿಗೇ ತರಬೇತಿ ಕೊಟ್ಟು ಫಿಸಿಯೋ ತಂತ್ರಜ್ಞರನ್ನಾಗಿ ಬೆಳೆಸಿದವು. ತಜ್ಞರು ಯೋಜನೆ ಹಾಕಿ ಕಣ್ಣಿಟ್ಟರು, ದಿನನಿತ್ಯದ ಕೆಲಸವನ್ನು ತರಬೇತಾದ ಕೈಗಳು ಮಾಡಿದವು.

ರಾಯಚೂರಿನಲ್ಲಿ ಈ ಮಾದರಿಗೆ ಬೇಕಾದ ಬಿಡಿಭಾಗಗಳು ಆಗಲೇ ಇವೆ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ರಿಮ್ಸ್) ಇದೆ. ನಗರದಲ್ಲೇ ಫಿಸಿಯೋಥೆರಪಿ ಕಲಿಸುವ ಕಾಲೇಜಿದೆ. ಮಾನ್ವಿಯಲ್ಲೂ ದೇವದುರ್ಗದಲ್ಲೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರೂ ಅಂಗವೈಕಲ್ಯವುಳ್ಳವರೇ, ಗೌರವಧನದ ಮೇಲೆ ದುಡಿಯುವವರು. ಪಿಂಚಣಿ, ಪ್ರಮಾಣಪತ್ರ, ಗುರುತಿನ ಚೀಟಿಗಳ ಕಾಗದಪತ್ರದಲ್ಲೇ ಇವರ ಹೊತ್ತು ಕಳೆಯುತ್ತದೆ. ಆ ಕೆಲಸ ಸಣ್ಣದೇನಲ್ಲ. ಆದರೆ ಯಾರ ಮನೆಯಲ್ಲಿ ಯಾರ ಕೈ ಸೋತಿದೆ ಎಂದು ಬಲ್ಲ ಈ ಜನಕ್ಕೆ ಕೈಯ ಪುನಶ್ಚೇತನದಲ್ಲಿ ಗಟ್ಟಿ ತರಬೇತಿ ಕೊಟ್ಟು, ಅದಕ್ಕೆ ತಕ್ಕ ಸಂಬಳ ಕೊಟ್ಟು, ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟರ ಉಸ್ತುವಾರಿಗೆ ಜೋಡಿಸಿದರೆ ಕರಿಗಿರಿಯಲ್ಲಿ ಆದದ್ದು ಇಲ್ಲಿಯೂ ಆಗಬಹುದು. ಸಂಬಳದ ಮಾತನ್ನು ಒತ್ತಿ ಹೇಳಬೇಕಾಗಿದೆ. ಗೌರವಧನದ ಮೇಲೆ ಇನ್ನೊಂದು ಹೊರೆ ಹೇರುವುದು ಈ ವಾದದ ಉದ್ದೇಶವಲ್ಲ.

ಇಷ್ಟೆಲ್ಲ ಯಾಕೆ, ಮನೆಯವರಿಗೇ ಕಲಿಸಿ ಕಳಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ನಮ್ಮ ಕುಟುಂಬಗಳು ರೋಗಿಯನ್ನು ಕೈಬಿಡುವುದಿಲ್ಲ ಎಂಬ ನಂಬಿಕೆಯೂ ಅದರ ಹಿಂದಿದೆ. ಈ ಆಸೆಯನ್ನು ಭಾರತದಲ್ಲೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. 14 ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು ಬಡಿದ 1,250 ಜನರನ್ನು ಒಳಗೊಂಡ ಅಟೆಂಡ್ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೆಯಲ್ಲೇ ಪುನಶ್ಚೇತನದ ತರಬೇತಿ ಕೊಟ್ಟು, ಮನೆಗೆ ಹೋದ ಮೇಲೂ ಕೆಲಕಾಲ ಬೆಂಬಲ ಕೊಟ್ಟರು. ಆರು ತಿಂಗಳ ನಂತರ ನೋಡಿದಾಗ ಸತ್ತವರು ಇಲ್ಲವೇ ಇತರರನ್ನೇ ಅವಲಂಬಿಸಿದವರು ಎರಡೂ ಗುಂಪುಗಳಲ್ಲಿ ಶೇ 47. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಪುನಶ್ಚೇತನವೇ ವ್ಯರ್ಥ ಎನ್ನಲು ಈ ಫಲಿತಾಂಶವನ್ನು ಬಳಸುವವರಿದ್ದಾರೆ. ಆ ಅಧ್ಯಯನ ಕೈಯನ್ನೇ ಅಳೆಯಲು ಹೊರಟದ್ದಲ್ಲ, ಒಟ್ಟಾರೆ ಅವಲಂಬನೆಯನ್ನು ಅಳೆದದ್ದು. ಅದರಿಂದ ಅಂಥ ತೀರ್ಮಾನ ಹೊರಡುವುದಿಲ್ಲ. ಆದರೆ ಅದು ಕಲಿಸುವ ಪಾಠವನ್ನು ನನ್ನ ವಾದವೂ ತಪ್ಪಿಸಿಕೊಳ್ಳಬಾರದು. ನಾಲ್ಕು ದಿನ ತೋರಿಸಿಕೊಟ್ಟು ಹೊಣೆಯನ್ನೆಲ್ಲ ಮನೆಯ ಹೆಂಗಸರ ತಲೆಗೆ ಕಟ್ಟಿದರೆ ಚಿಕಿತ್ಸೆ ಅಗ್ಗವಾಗಬಹುದು, ಫಲ ಕೊಡುವುದಿಲ್ಲ. ಹೊಲದ ಕೆಲಸ, ಮನೆಗೆಲಸ ಮುಗಿಸಿದ ಸೊಸೆಗೆ ಅತ್ತೆಯ ಬೆರಳಿನ ಕೋನ ಅಳೆಯಲು ಎಲ್ಲಿ ಪುರುಸೊತ್ತು? ಅದಕ್ಕೇ ತರಬೇತಾದ, ಸಂಬಳ ಪಡೆಯುವ, ವಾರವಾರ ಬಂದು ಕೈ ನೋಡಿ ವ್ಯಾಯಾಮ ಬದಲಿಸುವ ಒಬ್ಬರು ಬೇಕೆನ್ನುವುದು.

ಮೊಬೈಲ್ ವಿಡಿಯೋ ಈ ಒಬ್ಬರ ಜಾಗ ತುಂಬಲಾರದು. ತಜ್ಞರು ರಾಯಚೂರಿನಿಂದಲೇ ಕೈಯನ್ನು ನೋಡಲು, ಕಾರ್ಯಕರ್ತರಿಗೆ ಸಲಹೆ ಕೊಡಲು ಅದು ಒಳ್ಳೆಯ ಸಾಧನ. ಕೀಲು ಎಷ್ಟು ಬಿಗಿದಿದೆ, ಊತ ಮೆದುವೋ ಗಟ್ಟಿಯೋ ಎಂದು ತಿಳಿಯಲು ಮಾತ್ರ ಮುಟ್ಟಿಯೇ ನೋಡಬೇಕು.

ಕೊನೆಯ ಆಕ್ಷೇಪ ಹಳ್ಳಿಯೊಳಗಿನದು. ದುಡಿಯುವ ಕೈ ತಾನೇ ಸರಿಹೋಗುತ್ತದೆ, ಇಲ್ಲವಾದರೆ ಎಲುಬು ಕಟ್ಟುವವರಿದ್ದಾರೆ ಎಂಬ ಭರವಸೆ. ಕಟ್ಟುವವರ ಬಳಿ ಜನ ಹೋಗುವುದು ಮೌಢ್ಯದಿಂದಲ್ಲ. ಅವರು ಹತ್ತಿರದಲ್ಲಿದ್ದಾರೆ, ನಮ್ಮ ಮಾತಾಡುತ್ತಾರೆ, ಕೈ ಮುಟ್ಟಿ ನೋಡುತ್ತಾರೆ, ಮತ್ತೆ ಬರಲು ಹೇಳುತ್ತಾರೆ. ಆಸ್ಪತ್ರೆಗಳು ಅವರಿಂದ ಕಲಿಯಬೇಕಾದ ಗುಣಗಳಿವು. ಅಪಾಯ ಇರುವುದು ಬಿಗಿಯಾದ ಕಟ್ಟಿನಲ್ಲಿ. ಮೊಣಕೈ ಹತ್ತಿರ ಮುರಿದ ಮಗುವಿನ ಕೈಗೆ ಬಿದಿರ ದಬ್ಬೆಯಿಟ್ಟು ಬಿಗಿದು ಕಟ್ಟಿದರೆ ರಕ್ತ ಸಂಚಾರ ನಿಂತು, ಮುಂಗೈಯ ಸ್ನಾಯುಗಳು ಕೆಲವೇ ತಾಸುಗಳಲ್ಲಿ ಸಾಯತೊಡಗಿ, ಕೈ ಜೀವನಪೂರ್ತಿ ಮುರುಟಿಕೊಳ್ಳಬಹುದು. ಬೆರಳು ತಣ್ಣಗಾದರೆ, ಬಿಳಿಚಿದರೆ, ಬಿಚ್ಚಲು ಹೋದಾಗ ತಡೆಯಲಾರದ ನೋವಾದರೆ, ಕಟ್ಟು ಯಾರೇ ಕಟ್ಟಿರಲಿ, ಆಸ್ಪತ್ರೆಯವರೇ ಹಾಕಿದ ಪ್ಲಾಸ್ಟರ್ ಆಗಿರಲಿ, ಅದನ್ನು ತಕ್ಷಣ ಸಡಿಲಿಸಿ ವೈದ್ಯರ ಬಳಿ ಓಡಬೇಕು. ದುಡಿದೇ ಕೈ ಸರಿಹೋಗುತ್ತದೆಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆರನೇ ವಾರದ ಮೇಲೆ ಹದವರಿತ ಕೆಲಸ ಮದ್ದು. ಎರಡನೇ ವಾರದಲ್ಲಿ ಸಲಿಕೆ ಹಿಡಿದರೆ ಹೊಲಿದ ರಜ್ಜು ಹರಿದು ಎಲ್ಲ ಮೊದಲಿಗೆ ಬರುತ್ತದೆ.

ಸರ್ಕಾರ ಮಾಡಬೇಕಾದದ್ದನ್ನು ಕೇಳುತ್ತಲೇ ಇರೋಣ: ಎರಡೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಗೊತ್ತಾದ ಎರಡು ದಿನ ಕೈಯ ಚಿಕಿತ್ಸೆ, ರಿಮ್ಸ್ ಉಸ್ತುವಾರಿಯಲ್ಲಿ ಪುನರ್ವಸತಿ ಕಾರ್ಯಕರ್ತರಿಗೆ ತರಬೇತಿ, ಕನ್ನಡದಲ್ಲಿ ಬರೆದ ಬಿಡುಗಡೆ ಚೀಟಿ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯವರ, ನೆರೆಯವರ, ನಿಮ್ಮ ಹೊಲದಲ್ಲಿ ದುಡಿಯುವವರ ಕೈಗೆ ಪೆಟ್ಟಾಗಿ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ವೈದ್ಯರನ್ನು ಕೇಳದೆ ಹೊರಡಬೇಡಿ. ಯಾವ ಬೆರಳನ್ನು ಇಂದಿನಿಂದಲೇ ಆಡಿಸಬಹುದು, ಯಾವುದನ್ನು ಎಷ್ಟು ದಿನ ಆಡಿಸಬಾರದು, ಪಟ್ಟಿ ಯಾವ ತಾರೀಖಿಗೆ ತೆಗೆಯಬೇಕು, ಮುಂದಿನ ವಾರ ಕೈ ನೋಡುವ ಫಿಸಿಯೋಥೆರಪಿಸ್ಟ್ ಎಲ್ಲಿ ಸಿಗುತ್ತಾರೆ ಎಂದು ಕೇಳಿ, ಉತ್ತರಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಿ.